ಒಂದು ಫೋನ್, ಎಷ್ಟು ಜನ?

ಮಿಸ್ಡ್ ಕಾಲ್ ಎಂಬುದು ದೂರವಾಣಿ ಕಂಪನಿಯ ಲೆಕ್ಕದಲ್ಲಿ ಪೂರ್ತಿಯಾಗದ ಕರೆ. ಮಾತು ಸೊನ್ನೆ ಸೆಕೆಂಡು, ವರಮಾನವೂ ಸೊನ್ನೆ. ಆದರೆ ಕರೆ ಮಾಡಿದವರಿಗೂ ಬೇಕೆಂದೇ ಎತ್ತದೆ ಬಿಟ್ಟವರಿಗೂ ಅಷ್ಟರಲ್ಲಿ ವಿಷಯ ತಿಳಿದಿರುತ್ತದೆ. ಜೊನಾಥನ್ ಡಾನರ್ ಎಂಬ ಸಂಶೋಧಕರು ರುವಾಂಡಾದಲ್ಲಿ ಮೊಬೈಲ್ ಬಳಕೆಯನ್ನು ಅಧ್ಯಯನ ಮಾಡುವಾಗ ಈ ಅರೆ ಕರೆಗಳ ಬೆನ್ನು ಹತ್ತಿದರು. 2007ರಲ್ಲಿ ಪ್ರಕಟವಾದ ಅವರ ಪ್ರಬಂಧ ಇವುಗಳಲ್ಲಿ ಮೂರು ಬಗೆಗಳನ್ನು ಗುರುತಿಸಿತು. ಒಂದು, ‘ನೀವೇ ಕರೆ ಮಾಡಿ’ ಎಂಬ ಕೋರಿಕೆ. ಎರಡು, ಮೊದಲೇ ಮಾತಾಡಿಕೊಂಡ ಸಂಕೇತ, ‘ಕೆಲಸ ಮುಗಿಯಿತು, ಕರೆದುಕೊಂಡು ಹೋಗಲು ಬಾ’ ಎಂಬಂಥದ್ದು. ಮೂರನೆಯದಕ್ಕೆ ಕೆಲಸವೇ ಇಲ್ಲ, ‘ನಿನ್ನ ನೆನಪಾಯಿತು’ ಅಷ್ಟೇ. ಇವಕ್ಕೆಲ್ಲ ಕಟ್ಟುಪಾಡುಗಳೂ ಇದ್ದವು. ಇಬ್ಬರಲ್ಲಿ ಯಾರ ಕೈಯಲ್ಲಿ ಹೆಚ್ಚು ಹಣವಿದೆಯೋ ಅವರು ಕರೆಯ ಖರ್ಚು ಹೊರಬೇಕು. ಉಪಕಾರ ಕೇಳುವವರು ಮಿಸ್ಡ್ ಕಾಲ್ ಕೊಡುವಂತಿಲ್ಲ. ಹುಡುಗಿಯ ಮನಸ್ಸು ಗೆಲ್ಲಲು ಹೊರಟ ಹುಡುಗನಂತೂ ಕೊಡಲೇಬಾರದು. ಕೊಟ್ಟರೆ ಜಿಪುಣನೆಂಬ ಹೆಸರು ಗ್ಯಾರಂಟಿ.

ಫೋನ್ ತಯಾರಿಸಿದವರ ಕೈಪಿಡಿಯಲ್ಲಿ ಇದ್ಯಾವುದೂ ಇರಲಿಲ್ಲ. ಜನ ತಾವೇ ಉಪಾಯ ಹುಡುಕಿದರು, ತಾವೇ ನಿಯಮ ಮಾಡಿಕೊಂಡರು, ನಿಯಮ ಮೀರಿದವರ ಬಗ್ಗೆ ತಾವೇ ಆಡಿಕೊಂಡರು.

ಇಂಥದ್ದನ್ನು ಹಿಡಿಯುವುದೇ ಒಂದು ಅಧ್ಯಯನ ಕ್ಷೇತ್ರವಾಗಿ ಬೆಳೆದಿದೆ. ಮನೆ, ಬಡಾವಣೆ, ಶಾಲೆ, ಮಾರುಕಟ್ಟೆ ಹೀಗೆ ನಾಲ್ಕು ಜನ ಸೇರಿ ಬದುಕುವ ಕಡೆ ಡಿಜಿಟಲ್ ತಂತ್ರಜ್ಞಾನ ಹೇಗೆ ಬಳಕೆಯಾಗುತ್ತದೆ ಎಂದು ನೋಡುವ ಕೆಲಸ ಅದರದು. ಮಾನವಶಾಸ್ತ್ರಜ್ಞರು, ಸಮಾಜಶಾಸ್ತ್ರಜ್ಞರು, ಅರ್ಥಶಾಸ್ತ್ರಜ್ಞರು, ಕಂಪ್ಯೂಟರ್ ವಿಜ್ಞಾನಿಗಳು ಎಲ್ಲರೂ ಇದರಲ್ಲಿದ್ದಾರೆ. ಒಬ್ಬರ ವಿಧಾನ ಇನ್ನೊಬ್ಬರಿಗೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ ಎಂಬುದು ಬೇರೆ ಮಾತು. ಹೋಗಿ ಕೇಳಿದರೆ, ನೋಡಿದರೆ ಆಯಿತಲ್ಲ ಎಂದು ಮೇಲುನೋಟಕ್ಕೆ ಅನಿಸುತ್ತದೆ. ಆದರೆ ನಾವೆಲ್ಲ ಗೊತ್ತಿಲ್ಲದೆಯೇ ಇಟ್ಟುಕೊಂಡಿರುವ ಊಹೆಯೊಂದು ಅಡ್ಡ ಬರುತ್ತದೆ: ಒಂದು ಯಂತ್ರ, ಅದರ ಮುಂದೆ ಒಬ್ಬ ಮನುಷ್ಯ. ತಯಾರಕರು ಹೀಗೆಂದುಕೊಂಡೇ ವಿನ್ಯಾಸ ಮಾಡುತ್ತಾರೆ, ಸಮೀಕ್ಷೆ ನಡೆಸುವವರು ಹೀಗೆಂದುಕೊಂಡೇ ಪ್ರಶ್ನೆ ಕೇಳುತ್ತಾರೆ. ಈ ಕ್ಷೇತ್ರದಲ್ಲಿ ಓದಲು ಯೋಗ್ಯವಾದ ಅಧ್ಯಯನಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಊಹೆಯನ್ನು ಮುರಿದಿವೆ ಎಂಬುದು ನನ್ನ ಅಭಿಪ್ರಾಯ.

ಯಂತ್ರಕ್ಕೆ ಎಷ್ಟು ಕಾಣುತ್ತದೆ ಎಂಬಲ್ಲಿಂದ ಶುರು ಮಾಡಬಹುದು. 1980ರ ದಶಕದ ಆರಂಭದಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿರುವ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಲೂಸಿ ಸಚ್‌ಮನ್ ಎಂಬ ಮಾನವಶಾಸ್ತ್ರಜ್ಞೆ ಕೆಲಸ ಮಾಡುತ್ತಿದ್ದರು. ಫೋಟೊಕಾಪಿ ಯಂತ್ರದ ಮುಂದೆ ಜನ ಏಕೆ ತಬ್ಬಿಬ್ಬಾಗುತ್ತಾರೆ ಎಂಬುದು ಅವರ ಪ್ರಶ್ನೆ. ಹೆಜ್ಜೆಹೆಜ್ಜೆಗೂ ಸೂಚನೆ ಕೊಡುವ ಯಂತ್ರದ ಮುಂದೆ ಇಬ್ಬಿಬ್ಬರನ್ನು ನಿಲ್ಲಿಸಿ, ಅವರ ಕೆಲಸವನ್ನೂ ಮಾತನ್ನೂ ವಿಡಿಯೊ ಮಾಡಿಕೊಂಡರು. ಇಬ್ಬರು ಇದ್ದದ್ದರಿಂದ ಮನಸ್ಸಿನ ಗೊಂದಲವೆಲ್ಲ ಮಾತಾಗಿ ಹೊರಬಂತು. ಈ ದೃಶ್ಯಗಳಲ್ಲಿ ಹೆಸರಾದ ಒಂದರಲ್ಲಿ ಯಂತ್ರದೊಂದಿಗೆ ಗುದ್ದಾಡುತ್ತಿರುವ ಇಬ್ಬರೂ ನುರಿತ ವಿಜ್ಞಾನಿಗಳು. ತಿಳಿವಳಿಕೆ ಕಡಿಮೆ ಇರುವವರಿಗೆ ಮಾತ್ರ ಯಂತ್ರ ಕಷ್ಟ ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು.

ಸಚ್‌ಮನ್ ಆ ದೃಶ್ಯಗಳನ್ನು ಬರಹಕ್ಕಿಳಿಸಿದ ರೀತಿಯೇ ಒಂದು ಪಾಠ. ಹಾಳೆಯನ್ನು ನಾಲ್ಕು ಅಂಕಣ ಮಾಡಿದರು. ಮೊದಲ ಅಂಕಣದಲ್ಲಿ ಜನ ಮಾಡಿದ, ಆದರೆ ಯಂತ್ರಕ್ಕೆ ತಿಳಿಯದ ಸಂಗತಿಗಳು: ಪರಸ್ಪರ ಮಾತು, ಸೂಚನೆಯನ್ನು ಮತ್ತೆ ಓದುವುದು, ‘ಇದಲ್ಲ, ಅದು’ ಎಂದು ಬೆರಳು ತೋರಿಸುವುದು. ಎರಡನೆಯದರಲ್ಲಿ ಯಂತ್ರಕ್ಕೆ ತಿಳಿದದ್ದು. ಮೂರನೆಯದರಲ್ಲಿ ಯಂತ್ರ ಜನರಿಗೆ ತೋರಿಸಿದ್ದು, ನಾಲ್ಕನೆಯದರಲ್ಲಿ ಹಾಗೆ ತೋರಿಸಿದ್ದಕ್ಕೆ ವಿನ್ಯಾಸಕರ ಮನಸ್ಸಿನಲ್ಲಿದ್ದ ಕಾರಣ. ಮೊದಲ ಅಂಕಣ ತುಂಬಿ ತುಳುಕುತ್ತಿದ್ದರೆ ಎರಡನೆಯದು ಹೆಚ್ಚುಕಡಿಮೆ ಖಾಲಿ. ಇಬ್ಬರು ಐದು ನಿಮಿಷ ತಲೆಕೆರೆದುಕೊಂಡು ಚರ್ಚಿಸಿದರೂ ಯಂತ್ರಕ್ಕೆ ಮುಟ್ಟುವುದು ಯಾರೋ ಒಂದು ಗುಂಡಿ ಒತ್ತಿದರು ಎಂಬುದಷ್ಟೇ. ಒತ್ತಿದ್ದು ತಪ್ಪಾಗಿದ್ದರೂ ಯಂತ್ರ ಅದನ್ನು ಸರಿ ಎಂದೇ ತಿಳಿದು ಮುಂದಿನ ಹೆಜ್ಜೆಗೆ ಹೋಗುತ್ತಿತ್ತು. ಈ ಅಧ್ಯಯನ 1987ರಲ್ಲಿ ಪುಸ್ತಕವಾಗಿ ಬಂತು. ಇಂದು ‘ಬಳಕೆಯ ದತ್ತಾಂಶ’ ಎಂದು ಕಂಪನಿಗಳು ಗುಡ್ಡೆ ಹಾಕಿಕೊಳ್ಳುವುದೆಲ್ಲ ಆ ಎರಡನೆಯ ಅಂಕಣವೇ. ಗುಡ್ಡೆ ದೊಡ್ಡದಾಗಿದೆ, ಅಂಕಣ ಬದಲಾಗಿಲ್ಲ.

ಹಾಗಾದರೆ ಜನರನ್ನೇ ಕೇಳಿಬಿಡಬಹುದಲ್ಲ? ಕೇಳಬಹುದು, ಆದರೆ ಏನನ್ನು ಕೇಳುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ‘ದಿನಕ್ಕೆ ಎಷ್ಟು ಹೊತ್ತು ಫೋನ್ ನೋಡುತ್ತೀರಿ’ ಎಂಬ ಪ್ರಶ್ನೆಗೆ ಬರುವ ಉತ್ತರವನ್ನೂ ಫೋನ್ ತಾನೇ ದಾಖಲಿಸಿದ ಹೊತ್ತನ್ನೂ ಹೋಲಿಸಿದ ಹಲವು ಅಧ್ಯಯನಗಳಿವೆ. ಅವನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು 2021ರಲ್ಲಿ ಪ್ರಕಟವಾಯಿತು. ಎರಡರ ನಡುವಿನ ತಾಳಮೇಳ ಸಾಧಾರಣ ಮಟ್ಟದ್ದಷ್ಟೇ ಎಂದು ಅದು ಕಂಡುಕೊಂಡಿತು. ಜನ ಸುಳ್ಳು ಹೇಳುತ್ತಾರೆಂದಲ್ಲ. ಗಮನವಿಲ್ಲದೆ ಮಾಡುವ ಕೆಲಸ ನೆನಪಿನಲ್ಲಿ ಉಳಿಯುವುದಿಲ್ಲ. ಬಸ್ಸಿಗೆ ಕಾಯುವಾಗ ಫೋನ್ ತೆಗೆದು ನೋಡಿ ಜೇಬಿಗೆ ಹಾಕಿದ್ದನ್ನು ಯಾರು ಲೆಕ್ಕ ಇಡುತ್ತಾರೆ? ಫೋನ್ ಬಳಕೆಯಿಂದ ನಿದ್ದೆ ಕೆಟ್ಟಿತು, ಓದು ಕೆಟ್ಟಿತು ಎಂಬ ಸುದ್ದಿ ಓದುವಾಗ, ಬಳಕೆಯನ್ನು ಅಳೆದದ್ದು ಹೇಗೆ ಎಂದು ಮೊದಲು ನೋಡುವುದು ಒಳ್ಳೆಯ ಅಭ್ಯಾಸ.

ನೆನಪಿನ ಈ ಕೊರತೆಗೆ ಪರಿಹಾರ ಹುಡುಕಿದವರೂ ಇದ್ದಾರೆ. 1970ರ ದಶಕದಲ್ಲೇ ಮನಶ್ಶಾಸ್ತ್ರಜ್ಞರು ಜನರಿಗೆ ಪೇಜರ್ ಕೊಟ್ಟು, ಅದು ಸದ್ದು ಮಾಡಿದಾಗಲೆಲ್ಲ ‘ಈಗ ಏನು ಮಾಡುತ್ತಿದ್ದೀರಿ, ಹೇಗನಿಸುತ್ತಿದೆ’ ಎಂದು ಬರೆಸಿಕೊಳ್ಳುತ್ತಿದ್ದರು. ಈಗ ಫೋನೇ ಆ ಕೆಲಸ ಮಾಡುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು ಇನ್ನೂ ಮುಂದೆ ಹೋಗಿ, ಒಪ್ಪಿಗೆ ಕೊಟ್ಟವರ ಫೋನಿನ ಪರದೆಯ ಚಿತ್ರವನ್ನು ಐದೈದು ಸೆಕೆಂಡಿಗೊಮ್ಮೆ ತೆಗೆಯುವ ವಿಧಾನ ರೂಪಿಸಿತು. ಪರದೆಯ ಮೇಲೆ ಇದ್ದದ್ದೆಲ್ಲ ಸಿಕ್ಕಿತು. ಪರದೆಯ ಈಚೆಗೆ ಯಾರಿದ್ದರು ಎಂಬುದು ಮಾತ್ರ ಚಿತ್ರದಲ್ಲಿ ಬೀಳುವುದಿಲ್ಲ.

ಆ ಪ್ರಶ್ನೆ ಸಣ್ಣದಲ್ಲ. ನಿತ್ಯಾ ಸಾಂಬಶಿವನ್ ಮತ್ತು ಸಂಗಡಿಗರು ಬೆಂಗಳೂರಿನ ಕೊಳೆಗೇರಿಗಳಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಬ್ಬರ ಮೂಲಕ ನಡೆಯುವ ಬಳಕೆಯನ್ನು ಕಣ್ಣಿಗೆ ಕಾಣುವಂತೆ ಮಾಡಿತು. ಯಂತ್ರದ ಪ್ರಯೋಜನ ಬೇಕಾದವರೇ ಬೇರೆ, ಅದನ್ನು ಕೈಯಲ್ಲಿ ಹಿಡಿಯುವವರೇ ಬೇರೆ. ಕೆಲವೊಮ್ಮೆ ಮಗಳು ತಾಯಿಯ ಪರವಾಗಿ ಪೂರ್ತಿ ಕೆಲಸವನ್ನು ತಾನೇ ಮಾಡಿಕೊಡುತ್ತಾಳೆ. ಕೆಲವೊಮ್ಮೆ ಪಕ್ಕದವರು ನಂಬರ್ ಒತ್ತಿಕೊಟ್ಟು ಫೋನ್ ಕೈಗಿಡುತ್ತಾರೆ, ಮಾತು ಮಾತ್ರ ಇವರದು. ಇನ್ನು ಕೆಲವೊಮ್ಮೆ ಪರದೆಯ ಮೇಲಿದ್ದದ್ದನ್ನು ಓದಿ ಅರ್ಥ ಹೇಳುವವರು ಬೇಕು. ಮೂರೂ ಸಂದರ್ಭಗಳಲ್ಲಿ ದಾಖಲೆ ಹೇಳುವುದು ಒಂದೇ: ಒಬ್ಬರು ಫೋನ್ ಬಳಸಿದರು. ತಾಯಿಯನ್ನು ಸಮೀಕ್ಷೆಯವರು ಕೇಳಿದರೆ ‘ನನಗೆ ಅದೆಲ್ಲ ಬರುವುದಿಲ್ಲ’ ಎನ್ನುತ್ತಾರೆ, ಬಳಸದವರ ಪಟ್ಟಿಗೆ ಸೇರುತ್ತಾರೆ. ಆದರೆ ಅವರ ಹಣ, ಅವರ ಸುದ್ದಿ, ಅವರ ಜಗಳ ಎಲ್ಲವೂ ಆ ಫೋನಿನ ಮೂಲಕವೇ ಹಾದುಹೋಗಿರುತ್ತದೆ.

2018ರಲ್ಲಿ ಬಂದ ಇನ್ನೊಂದು ಅಧ್ಯಯನ ಇದೇ ಸಂಗತಿಯ ಕಹಿ ಮುಖವನ್ನು ತೋರಿಸಿತು. ಸಾಂಬಶಿವನ್ ಅವರೂ ಇದ್ದ ತಂಡ ಭಾರತ, ಪಾಕಿಸ್ತಾನ ಮತ್ತು ಬಾಂಗ್ಲಾದೇಶದ 199 ಮಹಿಳೆಯರೊಂದಿಗೆ ಮಾತಾಡಿತು. ಅವರಲ್ಲಿ ಅನೇಕರ ಫೋನು ಅವರೊಬ್ಬರದೇ ಆಗಿರಲಿಲ್ಲ. ಮಕ್ಕಳು ಆಟಕ್ಕೆ ಕೇಳುತ್ತಾರೆ, ಗಂಡ ತೆಗೆದು ನೋಡುತ್ತಾನೆ, ಅತ್ತೆಗೆ ಬೇಕಾಗುತ್ತದೆ. ಕೊಡುವುದಿಲ್ಲ ಎಂದರೆ ಅನುಮಾನ. ಇಂಥ ಮನೆಗಳಲ್ಲಿ ಹೆಂಗಸರು ಗುಟ್ಟು ಕಾಪಾಡಿಕೊಳ್ಳುವ ಬಗೆ ಸೂಕ್ಷ್ಮವಾದದ್ದು. ಪಾಸ್‌ವರ್ಡ್ ಇಡೀ ಫೋನಿಗಲ್ಲ, ಬೇಕಾದ ಆ್ಯಪ್‌ಗೆ ಮಾತ್ರ. ಇನ್ನೂ ಜಾಣತನದ್ದು ಅಳಿಸುವ ಕಲೆ. ನೋಡಿದ್ದೆಲ್ಲವನ್ನೂ ಒಮ್ಮೆಲೇ ಅಳಿಸಿದರೆ ಖಾಲಿ ಪಟ್ಟಿಯೇ ಸಾಕ್ಷಿ ಹೇಳಿಬಿಡುತ್ತದೆ. ಹಾಗಾಗಿ ಒಂದು ಹುಡುಕಾಟ, ಒಂದು ವಿಡಿಯೊ, ಒಂದು ಸಂದೇಶ ಹೀಗೆ ಆಯ್ದು ತೆಗೆದು ಉಳಿದದ್ದನ್ನು ಹಾಗೆಯೇ ಬಿಡುತ್ತಾರೆ. ಕೈಗೆತ್ತಿಕೊಂಡವರಿಗೆ ಎಲ್ಲ ಮಾಮೂಲಾಗಿ ಕಾಣಬೇಕು. ಫೋನಿನ ಒಡತಿಯೇ ತನ್ನ ಫೋನಿನ ದಾಖಲೆಯನ್ನು ಹೀಗೆ ತಿದ್ದಿ ಇಡುವಾಗ, ಆ ದಾಖಲೆಯನ್ನು ನಂಬಿ ಕುಳಿತ ವಿಶ್ಲೇಷಕರು ಅಳೆಯುವುದು ಮನೆಯವರಿಗೆ ತೋರಿಸಲು ಉಳಿಸಿದ್ದನ್ನು. ಜೊತೆಗೆ ನಾವು ಕೊಡುವ ಶಿಫಾರಸುಗಳನ್ನೂ ಗಮನಿಸಬೇಕು. ‘ನಿಮ್ಮ ಪಾಸ್‌ವರ್ಡ್ ಯಾರಿಗೂ ಹೇಳಬೇಡಿ’ ಎಂಬ ಸಲಹೆ ಇಂಥ ಮನೆಯಲ್ಲಿ ಕೆಲಸಕ್ಕೆ ಬಾರದು, ಕೆಲವೊಮ್ಮೆ ಅಪಾಯವನ್ನೂ ತರಬಹುದು.

ಒಂದು ಸಂಪರ್ಕಕ್ಕೆ ಎರಡು ತುದಿಗಳಿರುತ್ತವೆ ಎಂಬುದೂ ಮರೆತುಹೋಗುವ ಸಂಗತಿ. ಬ್ರಿಟನ್ನಿನಲ್ಲಿ ದುಡಿಯುವ ಫಿಲಿಪ್ಪೀನ್ಸ್ ತಾಯಂದಿರು ಮತ್ತು ಊರಿನಲ್ಲೇ ಉಳಿದ ಅವರ ಮಕ್ಕಳ ಬಗ್ಗೆ ಮಿರ್ಕಾ ಮಾಡಿಯಾನೌ ಹಾಗೂ ಡೇನಿಯಲ್ ಮಿಲ್ಲರ್ ಅಧ್ಯಯನ ಮಾಡಿ 2012ರಲ್ಲಿ ಪುಸ್ತಕ ಪ್ರಕಟಿಸಿದರು. ತಾಯಂದಿರ ಪ್ರಕಾರ ಅಗ್ಗದ ಕರೆಗಳೂ ವೆಬ್‌ಕ್ಯಾಮ್ ಕೂಡ ವರದಾನ, ದೂರದಲ್ಲಿದ್ದೂ ಮತ್ತೆ ತಾಯಿಯಾಗಲು ಸಾಧ್ಯವಾಯಿತು. ಸಂಶೋಧಕರು ಅಲ್ಲಿಗೇ ನಿಲ್ಲಿಸಿದ್ದರೆ ಒಳ್ಳೆಯ ಸುದ್ದಿಯೊಂದು ಸಿಗುತ್ತಿತ್ತು. ಫಿಲಿಪ್ಪೀನ್ಸಿಗೆ ಹೋಗಿ ಮಕ್ಕಳನ್ನೂ ಮಾತಾಡಿಸಿದಾಗ ಚಿತ್ರ ಬೆರಕೆಯಾಯಿತು. ಕೆಲವು ಮಕ್ಕಳಿಗೆ ನಿಜಕ್ಕೂ ನೆಮ್ಮದಿ. ತೀರ ಚಿಕ್ಕಂದಿನಲ್ಲೇ ತಾಯಿ ದೂರ ಹೋಗಿದ್ದ ಕೆಲವರಿಗೆ ಅದೇ ಕರೆಗಳು ಹೊರಗಿನವರೊಬ್ಬರ ಕಾವಲಿನಂತೆ ಅನಿಸುತ್ತಿದ್ದವು. ಅದೇ ಫೋನ್, ಅದೇ ಕರೆ.

ಇನ್ನು ಅಲ್ಲೇ ಹೋಗಿ ನೆಲೆಸುವ ವಿಧಾನ. 1990ರ ದಶಕದ ಕೊನೆಯಲ್ಲಿ ಕೆನಡಾದ ಟೊರಾಂಟೊ ಹೊರವಲಯದ ಹೊಸ ಬಡಾವಣೆಯೊಂದಕ್ಕೆ ಆ ಕಾಲಕ್ಕೆ ಅಪರೂಪವಾದ ಅತಿವೇಗದ ಇಂಟರ್ನೆಟ್ ಕೊಡಲಾಯಿತು. ಸಂಶೋಧಕರು ಅದನ್ನು ನೆಟ್‌ವಿಲ್ ಎಂದು ಕರೆದರು. ಅಲ್ಲಿದ್ದ 109 ಮನೆಗಳಲ್ಲಿ 64ಕ್ಕೆ ಸಂಪರ್ಕ ಸಿಕ್ಕಿತು, ಉಳಿದವಕ್ಕೆ ಸಿಗಲಿಲ್ಲ. ಸಂಶೋಧಕನ ಮಟ್ಟಿಗೆ ಇದು ಕೇಳದೆ ಸಿಕ್ಕ ವರ: ಒಂದೇ ಬಡಾವಣೆ, ಒಂದೇ ಬಗೆಯ ಜನ, ವ್ಯತ್ಯಾಸ ಇಂಟರ್ನೆಟ್ ಮಾತ್ರ. ಕೀತ್ ಹ್ಯಾಂಪ್ಟನ್ ಅಲ್ಲೇ ಒಂದು ಮನೆಯ ನೆಲಮಾಳಿಗೆಯಲ್ಲಿ ಬಾಡಿಗೆಗಿದ್ದು 1997ರಿಂದ 1999ರವರೆಗೆ ನಿವಾಸಿಗಳ ಇಮೇಲ್ ಪಟ್ಟಿಯನ್ನೂ ಬೀದಿಯ ಓಡಾಟವನ್ನೂ ಒಟ್ಟಿಗೆ ಗಮನಿಸಿದರು. ಇಂಟರ್ನೆಟ್ ಬಂದರೆ ಜನ ಮನೆಯೊಳಗೆ ಸೇರಿಬಿಡುತ್ತಾರೆ ಎಂಬ ಭಯ ಆಗ ವ್ಯಾಪಕವಾಗಿತ್ತು. ಆದದ್ದು ತಿರುಗುಮುರುಗು. ಸಂಪರ್ಕವಿದ್ದವರು ಇಲ್ಲದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ನೆರೆಹೊರೆಯವರನ್ನು ಗುರುತಿಸುತ್ತಿದ್ದರು. ಬಡಾವಣೆ ಕಟ್ಟಿದವರ ಕೆಲಸ ಸರಿಯಿಲ್ಲವೆಂದಾಗ ಇಮೇಲ್ ಪಟ್ಟಿಯಲ್ಲೇ ಒಗ್ಗೂಡಿ ಜಗಳಕ್ಕೂ ನಿಂತರು. ಇಡೀ ಪ್ರಯೋಗದಲ್ಲಿ ಹೆಚ್ಚು ಕೆಲಸ ಮಾಡಿದ್ದು ಅತಿವೇಗದ ಸಂಪರ್ಕವಲ್ಲ, ಸಾದಾ ಇಮೇಲ್ ಪಟ್ಟಿ ಎಂಬುದು ನನಗೆ ಅದರ ಸ್ವಾರಸ್ಯ.

ಆದರೆ ಇಂಥ ಫಲಿತಾಂಶಕ್ಕೆ ಆಯುಷ್ಯವೂ ಇರುತ್ತದೆ. ಪಿಟ್ಸ್‌ಬರ್ಗ್ ನಗರದಲ್ಲಿ ರಾಬರ್ಟ್ ಕ್ರಾಟ್ ಮತ್ತು ಸಂಗಡಿಗರು 1995ರಿಂದ ಕುಟುಂಬಗಳಿಗೆ ಕಂಪ್ಯೂಟರ್, ಫೋನ್ ಲೈನ್, ಉಚಿತ ಇಂಟರ್ನೆಟ್ ಕೊಟ್ಟು ಗಮನಿಸಿದರು. 73 ಮನೆಗಳ 169 ಜನರ ಮಾಹಿತಿಯ ಮೇಲೆ 1998ರಲ್ಲಿ ಬಂದ ಪ್ರಬಂಧ, ಹೆಚ್ಚು ಇಂಟರ್ನೆಟ್ ಬಳಸಿದವರಲ್ಲಿ ಒಂಟಿತನ ಮತ್ತು ಖಿನ್ನತೆ ತುಸು ಹೆಚ್ಚಿತು ಎಂದಿತು. ಪತ್ರಿಕೆಗಳಿಗೆ ಹಬ್ಬ. ಅದೇ ತಂಡ ಅದೇ ಜನರ ಬಳಿಗೆ ಮರಳಿ ಹೋಗಿ 2002ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ ಆ ದುಷ್ಪರಿಣಾಮಗಳು ಬಹುಮಟ್ಟಿಗೆ ಮಾಯವಾಗಿದ್ದವು. ಸಂಶೋಧಕರು ಕೊಟ್ಟ ವಿವರಣೆಗಳಲ್ಲಿ ಒಂದು ಇದು: 1995ರಲ್ಲಿ ಇಂಟರ್ನೆಟ್ಟಿಗೆ ಹೋದರೆ ಅಲ್ಲಿದ್ದವರು ಅಪರಿಚಿತರು. ಕೆಲವೇ ವರ್ಷಗಳಲ್ಲಿ ಬಂಧುಗಳೂ ಗೆಳೆಯರೂ ಅಲ್ಲಿಗೆ ಬಂದಿದ್ದರು. ಬಳಸುವವನ ಮನೆಯಲ್ಲಿ ಏನೂ ಬದಲಾಗದೆ, ಉಳಿದವರು ಬಂದು ಸೇರಿದ್ದರಿಂದಲೇ ಬಳಕೆಯ ಪರಿಣಾಮ ಬದಲಾಗಬಲ್ಲದು. 2002ರ ಪ್ರಬಂಧದ ಬಗ್ಗೆ ಅಷ್ಟು ಸದ್ದಾಗಲಿಲ್ಲ, ಅದು ಬೇರೆ.

ಮಾರುಕಟ್ಟೆಯ ವಿಷಯಕ್ಕೆ ಬಂದರೆ ಕೇರಳದ ಮೀನುಗಾರರ ಕಥೆ ಈ ಕ್ಷೇತ್ರದಲ್ಲಿ ಎಲ್ಲರಿಗೂ ಬಾಯಿಪಾಠ. ಉತ್ತರ ಕೇರಳದ ಕರಾವಳಿಗೆ 1997ರಿಂದ ಹಂತಹಂತವಾಗಿ ಮೊಬೈಲ್ ಸಿಗ್ನಲ್ ಬಂತು. ಅಲ್ಲಿಯವರೆಗೆ ಬೂತಾಯಿ ಮೀನು ಹಿಡಿದು ದಡಕ್ಕೆ ಬರುವ ದೋಣಿಯವರಿಗೆ ಯಾವ ದಕ್ಕೆಯಲ್ಲಿ ಎಷ್ಟು ದರ ಎಂದು ತಿಳಿಯುವ ದಾರಿ ಇರಲಿಲ್ಲ. ಒಂದು ಕಡೆ ಕೊಳ್ಳುವವರಿಲ್ಲದೆ ಮೀನು ಚೆಲ್ಲುತ್ತಿದ್ದರೆ ಕೆಲವೇ ಕಿಲೋಮೀಟರ್ ಆಚೆ ಕೊಳ್ಳುವವರು ಬರಿಗೈಯಲ್ಲಿ ಹೋಗುತ್ತಿದ್ದರು. ಸಿಗ್ನಲ್ ಸಮುದ್ರದೊಳಗೂ ಸುಮಾರು 20–25 ಕಿಲೋಮೀಟರ್ ಸಿಗುತ್ತಿದ್ದುದರಿಂದ ದೋಣಿಯಲ್ಲೇ ಕರೆ ಮಾಡಿ, ದರ ಕೇಳಿ, ದಿಕ್ಕು ಬದಲಿಸುವುದು ಸಾಧ್ಯವಾಯಿತು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸೆನ್ 2007ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿತ್ತು: ಊರಿಂದೂರಿಗೆ ಇದ್ದ ದರದ ಏರುಪೇರು ಬಹಳ ಇಳಿಯಿತು, ಮೀನು ಚೆಲ್ಲುವುದು ನಿಂತಿತು, ಮೀನುಗಾರರ ಲಾಭ ಸರಾಸರಿ ಶೇ 8ರಷ್ಟು ಏರಿತು, ಗ್ರಾಹಕರಿಗೆ ದರ ಶೇ 4ರಷ್ಟು ಇಳಿಯಿತು. ಅಚ್ಚುಕಟ್ಟಾದ ಕೆಲಸ. ಹಂತಹಂತವಾಗಿ ಸಿಗ್ನಲ್ ಬಂದದ್ದನ್ನೇ ಪ್ರಯೋಗದಂತೆ ಬಳಸಿಕೊಂಡ ಜಾಣತನವನ್ನು ಮೆಚ್ಚಲೇಬೇಕು.

ತೊಡಕು ಆಮೇಲೆ. ‘ಮೊಬೈಲ್ ಕೊಟ್ಟರೆ ಬಡ ಉತ್ಪಾದಕರಿಗೆ ಒಳ್ಳೆಯ ದರ’ ಎಂದು ಈ ಫಲಿತಾಂಶ ಜಗತ್ತಿನ ಎಲ್ಲ ಕಡೆ ಉಲ್ಲೇಖವಾಯಿತು. ಜಾನಕಿ ಶ್ರೀನಿವಾಸನ್ ಮತ್ತು ಜೆನ್ನಾ ಬರೆಲ್ ಕೇರಳದ ಕರಾವಳಿಗೆ ಮರಳಿ ಹೋಗಿ, ಜನರ ಜೊತೆ ಕುಳಿತು ಕೇಳಿ, 2013ರಲ್ಲಿ ಬೇರೆ ಪ್ರಶ್ನೆ ಎತ್ತಿದರು. ಕರೆ ಮಾಡಿ ದರ ತಿಳಿದುಕೊಂಡ ಮೀನುಗಾರನಿಗೆ ಅಲ್ಲಿಗೆ ಹೋಗಿ ಮಾರುವ ಸ್ವಾತಂತ್ರ್ಯ ಇದೆಯೇ? ದೋಣಿಗೂ ಬಲೆಗೂ ಸಾಲ ಕೊಟ್ಟವನೇ ಹರಾಜು ಕೂಗುವವನಾದರೆ ಮೀನು ಅವನ ಮೂಲಕವೇ ಹೋಗಬೇಕು. ದೊಡ್ಡ ಬಲೆಯ ದೋಣಿಗೂ ಸಣ್ಣ ದೋಣಿಗೂ, ಒಂದೇ ಜಾತಿಯ ಮೀನಿಗೂ ಹಲವು ಜಾತಿಯ ಮೀನಿಗೂ ಲೆಕ್ಕ ಒಂದೇ ಅಲ್ಲ. ಜೆನ್ಸೆನ್ ತಪ್ಪು ಎಂದು ಅವರು ಹೇಳಲಿಲ್ಲ. ಆ ಫಲಿತಾಂಶ ನಿಲ್ಲಲು ಮೊಬೈಲಿನ ಜೊತೆಗೆ ಇನ್ನೇನೇನು ಇರಬೇಕು ಎಂದು ತೋರಿಸಿದರು. ಅಂಕಿಅಂಶ ಏನಾಯಿತು ಎಂಬುದನ್ನು ಹೇಳಿತು, ಒಡನಾಟ ಯಾರ ಪಾಲಿಗೆ ಆಯಿತು ಎಂಬುದನ್ನು ಹೇಳಿತು. ಎರಡರಲ್ಲಿ ಒಂದನ್ನು ಮಾತ್ರ ಓದಿದವರು ನೀತಿ ರೂಪಿಸಲು ಕುಳಿತರೆ ಕಷ್ಟ.

ಬಳಸದವರನ್ನೂ ಅಧ್ಯಯನ ಮಾಡಬೇಕೆಂದು ಸ್ಯಾಲಿ ವ್ಯಾಟ್ 2003ರಲ್ಲೇ ವಾದಿಸಿದ್ದರು. ಬೇಡವೆಂದು ದೂರ ನಿಂತವರು, ಬಳಸಿ ಬಿಟ್ಟವರು, ಎಂದೂ ಕೈಗೆಟುಕದವರು, ಎಟುಕಿದ್ದನ್ನು ಕಳೆದುಕೊಂಡವರು, ಈ ನಾಲ್ವರನ್ನೂ ಒಂದೇ ಗುಂಪಿಗೆ ಹಾಕುವುದು ಅನ್ಯಾಯ. ಆದರೂ ಹೆಚ್ಚಿನ ಸಮೀಕ್ಷೆಗಳಲ್ಲಿ ಇವರೆಲ್ಲರ ಉತ್ತರಕ್ಕೆ ಇರುವುದು ಒಂದೇ ಚೌಕ.

ಸಮುದಾಯವನ್ನೇ ಅಧ್ಯಯನ ಮಾಡಬೇಕೆಂದಾಗ ಒಪ್ಪಿಗೆಯ ಪ್ರಶ್ನೆ ಕ್ಲಿಷ್ಟವಾಗುತ್ತದೆ. 2012ರ ಜನವರಿಯಲ್ಲಿ ಫೇಸ್‌ಬುಕ್ 6,89,003 ಬಳಕೆದಾರರ ಪುಟದಲ್ಲಿ ಕಾಣುವ ಬರಹಗಳ ಭಾವವನ್ನು ಅವರಿಗೆ ತಿಳಿಸದೆ ಹೆಚ್ಚುಕಡಿಮೆ ಮಾಡಿ ಪರಿಣಾಮ ನೋಡಿತು. 2014ರಲ್ಲಿ ಫಲಿತಾಂಶ ಪ್ರಕಟವಾದಾಗ ದೊಡ್ಡ ಗಲಾಟೆಯಾಯಿತು. ಅದು ಎದ್ದು ಕಾಣುವ ತಪ್ಪು. ದಿನನಿತ್ಯ ಎದುರಾಗುವುದು ಇದಕ್ಕಿಂತ ನಯವಾದದ್ದು. ವಾಟ್ಸ್‌ಆ್ಯಪ್ ಗುಂಪಿನ ಸದಸ್ಯರೊಬ್ಬರು ‘ನಮ್ಮ ಗುಂಪನ್ನು ನೋಡಿ, ಅಡ್ಡಿಯಿಲ್ಲ’ ಎಂದರೆ ಉಳಿದವರ ಒಪ್ಪಿಗೆ ಯಾರು ಕೊಟ್ಟರು? ಹೆಸರು ತೆಗೆದರೆ ಸಾಕೆಂದುಕೊಂಡವರೂ ಎಡವಿದ್ದಾರೆ. 2008ರಲ್ಲಿ ಅಮೆರಿಕದ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿಗಳ ಫೇಸ್‌ಬುಕ್ ಮಾಹಿತಿಯನ್ನು ಹೆಸರಿಲ್ಲದೆ ಬಿಡುಗಡೆ ಮಾಡಲಾಯಿತು. ಅದು ಹಾರ್ವರ್ಡ್ ಎಂದು ಪತ್ತೆಯಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಯಾರೋ ಬರೆದ ವಾಕ್ಯವನ್ನು ಪ್ರಬಂಧದಲ್ಲಿ ಇದ್ದಂತೆಯೇ ಉದ್ಧರಿಸಿದರೆ ಹುಡುಕುಯಂತ್ರ ನೇರವಾಗಿ ಬರೆದವರ ಮನೆ ಬಾಗಿಲಿಗೆ ಒಯ್ಯುತ್ತದೆ. ಆದ್ದರಿಂದಲೇ ಅನುಭವಿಗಳು ವಾಕ್ಯವನ್ನು ಬದಲಿಸಿ ಬರೆಯುತ್ತಾರೆ, ಊರಿನ ಹೆಸರನ್ನೂ ಮರೆಸುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜು ನಡೆಸಿದ ಯೋಜನೆಯೊಂದರಲ್ಲಿ ಒಂಬತ್ತು ಮಾನವಶಾಸ್ತ್ರಜ್ಞರು ಬೇರೆ ಬೇರೆ ದೇಶಗಳಲ್ಲಿ ತಲಾ 15 ತಿಂಗಳು ನೆಲೆಸಿ ಸಾಮಾಜಿಕ ಮಾಧ್ಯಮಗಳ ಬಳಕೆಯನ್ನು ಅಧ್ಯಯನ ಮಾಡಿದರು. ಅದರಲ್ಲಿ ಚೆನ್ನೈ ಬಳಿಯ ಪ್ರದೇಶಕ್ಕೆ ಕೊಟ್ಟ ಪಂಚಗ್ರಾಮಿ ಎಂಬ ಹೆಸರು ಸಂಶೋಧಕರೇ ಇಟ್ಟದ್ದು.

ಈಚೆಗೆ ಕಂಪನಿಗಳು ಸಂಶೋಧಕರಿಗೆ ಬಾಗಿಲು ಮುಚ್ಚುತ್ತಿವೆ. ಟ್ವಿಟರ್ 2023ರಲ್ಲಿ ಉಚಿತ ದತ್ತಾಂಶ ಸೌಲಭ್ಯವನ್ನು ನಿಲ್ಲಿಸಿತು, ಫೇಸ್‌ಬುಕ್‌ನ ಒಡೆತನದ ಮೆಟಾ 2024ರ ಆಗಸ್ಟಿನಲ್ಲಿ, ಬರಹಗಳು ಹೇಗೆ ಹರಡುತ್ತವೆ ಎಂದು ನೋಡಲು ನೆರವಾಗುತ್ತಿದ್ದ ಕ್ರೌಡ್‌ಟ್ಯಾಂಗಲ್ ಎಂಬ ಸಾಧನವನ್ನು ಮುಚ್ಚಿತು. ಇದರಿಂದ ದತ್ತಾಂಶ ದಾನ ಎಂಬ ದಾರಿ ಮುನ್ನೆಲೆಗೆ ಬಂದಿದೆ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಯಾರು ಬೇಕಾದರೂ ಕಂಪನಿಯಿಂದ ತಮ್ಮ ಮಾಹಿತಿಯ ಪ್ರತಿಯನ್ನು ಪಡೆಯಬಹುದು, ಪಡೆದದ್ದನ್ನು ಸಂಶೋಧಕರಿಗೆ ಕೊಡಬಹುದು. ಆದರೆ ಸಂದೇಶಗಳ ಕಡತ ತೆರೆದರೆ ಅರ್ಧ ಮಾತು ಬೇರೆಯವರದು, ದಾನ ಕೊಟ್ಟವರಿಗೆ ಅದರ ಮೇಲೆ ಹಕ್ಕಿಲ್ಲ. ಬೇರೆಯವರ ಮಾತನ್ನು ದಾನಿಯ ಕಂಪ್ಯೂಟರಿನಲ್ಲೇ ತೆಗೆದುಹಾಕಿದರೆ ಸಂಭಾಷಣೆ ಅರ್ಥವಾಗುವುದಿಲ್ಲ, ಉಳಿಸಿಕೊಂಡರೆ ಒಪ್ಪಿಗೆ ಇರುವುದಿಲ್ಲ. ಹಾಗಾಗಿ ಯಾರು ಯಾವಾಗ ಯಾರಿಗೆ ಉತ್ತರಿಸಿದರು ಎಂಬುದನ್ನಷ್ಟೇ ಉಳಿಸಿಕೊಂಡು, ಮಾತಿನ ಅರ್ಥಕ್ಕಾಗಿ ಗುಂಪಿನವರನ್ನು ಒಬ್ಬೊಬ್ಬರಾಗಿ ಭೇಟಿಯಾಗಿ ಕೇಳುವುದು ಸದ್ಯಕ್ಕಿರುವ ಮರ್ಯಾದಸ್ಥ ದಾರಿ. ಅದಕ್ಕೆ ಸಮಯವೂ ಹಣವೂ ಹೆಚ್ಚು ಬೇಕು, ಅಧ್ಯಯನಕ್ಕೆ ಸಿಗುವ ಗುಂಪುಗಳ ಸಂಖ್ಯೆಯೂ ಅಷ್ಟಕ್ಕಷ್ಟೇ.